ಮಾಯದ ಬೆರಳು

ಎದೆ ಗಟ್ಟಿ ಮಾಡಿಕೋ ಎಂದಿದ್ದರು ಎಲ್ಲರೂ
ಸಾಂಟಿಯಾಗೋದ ವಿಮಾನ ಹತ್ತುವಾಗ.
ಈಗ ಡಾಕ್ಟರಮ್ಮ ಎಚೆಗರಾಯ್ ಹೇಳುತ್ತಾಳೆ:
ಗಟ್ಟಿಯಾಗುತ್ತಿದೆ, ಅದೇ ತೊಂದರೆ.

ಪರದೆಯ ಮೇಲೆ ನನ್ನ ಎದೆಯ ಒಂದು ಚೂರು,
ಎಳ್ಳಿಗಿಂತ ಚಿಕ್ಕದು, ಬಣ್ಣ ಹಾಕಿದ್ದಾರೆ.
ಕೆಂಪು ಇದ್ದಲ್ಲಿ ಸ್ನಾಯು.
ನೀಲಿ ಇದ್ದಲ್ಲಿ ಕಲೆ.
ನೀಲಿ ನೂಲು ಕೆಂಪಿನ ನಡುವೆ ನುಸುಳಿ ಬಿಗಿಯುತ್ತಿದೆ,
ಹರಿದದ್ದನ್ನು ಹೊಲಿಯಲು ಕೂತ ಯಾರೋ
ನಿಲ್ಲಿಸುವುದನ್ನೇ ಮರೆತ ಹಾಗೆ.

ನನ್ನ ಎದೆ ಅನ್ನುವುದೂ ಅಭ್ಯಾಸಬಲ.
ತೆಮುಕೋ ಕಡೆಯ ಹುಡುಗನದಂತೆ, ಹೆಸರು ಹೇಳುವುದಿಲ್ಲ.
ನಾಲ್ಕು ವರ್ಷ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ
ಒಳಗಿನ ಕಾವಲಿನವರಿಗೆ ಮಂಕುಬೂದಿ ಎರಚಿದ್ದೇನೆ,
ಬಂದ ನೆಂಟನನ್ನು ಕಳ್ಳನೆಂದು ಬಡಿಯದಿರಲಿ ಎಂದು.
ಆ ಮಾತ್ರೆ ಕಾವಲನ್ನು ಮಲಗಿಸಿತು,
ಸೂಜಿ ಹಿಡಿದವನನ್ನು ಎಬ್ಬಿಸಿ ಕೂರಿಸಿತೋ ಏನೋ.

"ಬೇರೆ ಕೊಡುತ್ತೇನೆ" ಅಂದಳು. "ನಿಮ್ಮೂರಿನದೇ."

ರಾಪಾ ನುಯಿಯ ಮಣ್ಣಿನ ಯಾವುದೋ ಕಣ್ಣಿಗೆ ಕಾಣದ ಜೀವ
ಪಕ್ಕದ ಬೂಷ್ಟು ಬೆಳೆಯದಿರಲೆಂದು ಬಸಿದ ರಸವಂತೆ.
ಕೆರೆಟಾನಿ ಅತ್ತೆ ಹೇಳುತ್ತಿದ್ದಳು:
ಹಡಗಿನಲ್ಲಿ ಬಂದವನೊಬ್ಬ ಕೊಳವೆಗೆ ಮಣ್ಣು ತುಂಬುತ್ತಿದ್ದ,
ಕಲ್ಲಿನ ಮುಖಗಳತ್ತ ತಿರುಗಿಯೂ ನೋಡದೆ.
ಪಾಪ, ಅವರೂರಲ್ಲಿ ಮಣ್ಣೇ ಇಲ್ಲವೇನೋ ಎಂದು
ಎರಡು ಗೆಣಸನ್ನೂ ಕೊಟ್ಟು ಕಳಿಸಿದಳಂತೆ.

ಮೂರು ಮೂಲೆಯ ಬಿಳಿ ಮಾತ್ರೆ.
ಅಂಗೈಯಲ್ಲಿಟ್ಟರೆ ನಮ್ಮ ದ್ವೀಪದ್ದೇ ಆಕಾರ.

ಹನ್ನೊಂದು ತಿಂಗಳ ಮೇಲೆ ಹೊಸ ಚೂರು.
ನೀಲಿ ಅಳಿದಿಲ್ಲ. ಹರಡಿಲ್ಲ, ಅಷ್ಟೇ.
ಮಾತ್ರೆಯಿಂದಲೇ ಅಂತ ಹೇಳಲಾರೆ ಅಂದಳು,
ಆದರೂ ನಕ್ಕಳು. ನಾನೂ.

ಆಮೇಲೆ ಮಾಕೊಯಿ ಮರ ಕೆತ್ತುವಾಗ ಉಳಿ ಜಾರಿ
ಎಡಗೈ ತೋರುಬೆರಳು ಸೀಳಿತು.
ನಲವತ್ತು ದಿನವಾಯಿತು.
ಏನೋ ಹೇಳಹೊರಟು ಮರೆತ ಬಾಯಿಯ ಹಾಗೆ ತೆರೆದೇ ಇದೆ.
ವೈತೇಆ ಬಟ್ಟೆ ಬದಲಿಸುತ್ತಾ ಬಯ್ಯುತ್ತಾಳೆ
ಮರವನ್ನು, ನನ್ನನ್ನು, ಮಾತ್ರೆಯನ್ನು,
ದಿನವೂ ಅದೇ ಸರದಿಯಲ್ಲಿ.

ಮದ್ದು ಒಂದೇ. ಎದೆಗೆ ಕಲೆ ಬೇಡ ಅಂದದ್ದು
ಬೆರಳಿಗೂ ಬೇಡ ಅನ್ನುತ್ತದೆ.
ಮೇಲು ಒಳಗು ಅದಕ್ಕೆ ತಿಳಿಯದು.
ಐವತ್ತು ವರ್ಷ ಕಲೆಯಿಂದಲೇ ಬದುಕಿದ ಕೈ ಇದು;
ತಿರುಗಿಸಿ ನೋಡಿ, ಬೆರಳಿಗೊಂದು ಗುರುತು,
ಎಲ್ಲವೂ ತಾವಾಗಿ ಮಾಯ್ದವು,
ಯಾರನ್ನೂ ಕೇಳದೆ.

ರಾತ್ರಿ ಆ ಬೆರಳನ್ನು ದಿಂಬಿನ ಮೇಲಿಟ್ಟು ಮಲಗುತ್ತೇನೆ.
ಸೀಳಿನೊಳಗೆ ತೆಮುಕೋದ ಹುಡುಗ
ಮಿಡಿಯುತ್ತಿರುತ್ತಾನೆ,
ಇನ್ನೂ ಮೆತ್ತಗೆ.