ಇತರೆ

ಚಿಲ್ವಾ ಸರೋವರ ಹಿಂದೆ ಸರಿದು ಬಿಟ್ಟುಹೋದ
ಬಿಳಿಯ ಉಪ್ಪುನೆಲ ದಾಟಿ
ಲಿಂಬಾನಿ ಸೈಕಲ್ಲು ತಳ್ಳಿಕೊಂಡು ಬರುತ್ತಾನೆ.
ಕಂಕುಳಲ್ಲಿ ಒಂದು ನಮೂನೆ, ಹದಿನಾರು ಪ್ರಶ್ನೆ.

ಹೊಳೆ ಉಕ್ಕಿದ ವರ್ಷ ಮನೆ ಕರಗಿದವರ ಫೋನಿಗೆ
ಕಡಲಾಚೆಯಿಂದ ಬಂದು ಬಿದ್ದ ಹಣ
ಎಲ್ಲಿ ಹೋಯಿತು, ಏನಾಯಿತು?
ಮೆಕ್ಕೆಜೋಳ, ಮೇಕೆ, ತಗಡು, ಗೊಬ್ಬರ, ಶಾಲೆ, ಔಷಧಿ,
ಒಂದೊಂದಕ್ಕೂ ಒಂದು ಚೌಕ.
ಕೊನೆಯಲ್ಲಿ ಕಿರುಬೆರಳೂ ಹಿಡಿಸದಷ್ಟು ಜಾಗ: ಇತರೆ.

ಎಸ್ನಾತ್ ಚಾಪೆ ಹಾಸಿದಳು, ನೆಲಗಡಲೆ ಇಟ್ಟಳು.
"ಬಾಗಿಲು ಮಾಡಿಸಿದೆ" ಎಂದಳು.

"ಅದಕ್ಕೂ ಮೊದಲು?"
"ಅದೇ ಮೊದಲು."

ಗೋಡೆ ಆಗಿನ್ನೂ ಎದೆಯೆತ್ತರ. ಮಾಡಿಗೆ ಹುಲ್ಲು ಸಾಲದೆ
ಒಂದು ಮೂಲೆಯಲ್ಲಿ ಬರೀ ಆಕಾಶ.
ಬಡಗಿ ಬೈಸನ್ ನಕ್ಕಿದ್ದನಂತೆ:
ಅಂಗಿಯೇ ಇಲ್ಲ, ಗುಂಡಿ ಹೊಲಿಸುತ್ತೀಯಲ್ಲ ತಾಯೀ!
ನಕ್ಕರೂ ಮಾಡಿಕೊಟ್ಟ. ಮಾವಿನ ಹಲಗೆ, ಎರಡು ಕೀಲು.
ಚಿಲಕ ಮಾತ್ರ ಒಳಗಡೆಗೆ ಇರಲಿ ಎಂದಿದ್ದಳು.

ಲಿಂಬಾನಿ ಪೆನ್ನಿನ ತುದಿ ಕಚ್ಚಿದ.

"ಮೂರು ವರ್ಷ ಗೋಣಿತಾಟು, ಮಗಾ.
ಸರಿಸಿ ಯಾರು ಬೇಕಾದರೂ ತಲೆ ಹಾಕಬಹುದು.
ಸಾಲದವನು, ಮೇಕೆ, ಫೋಟೋ ತೆಗೆಯುವವರು,
ನಿನ್ನ ಹಾಗೆ ಬರೆದುಕೊಳ್ಳುವವರು, ಬೇಜಾರಾಗಬೇಡ.
ರಾತ್ರಿಯೆಲ್ಲ ತಾಟಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ.
ತಿಯಾಮಿಕೆ ದೊಡ್ಡವಳಾಗುತ್ತಿದ್ದಳು."

ಅಷ್ಟು ಹೇಳಿ ಕಡಲೆ ಸುಲಿಯತೊಡಗಿದಳು.

ಅಲ್ಲಿಯ ಜನ ಹೊಸ್ತಿಲಾಚೆ ನಿಂತು "ಓಡಿ" ಎನ್ನುತ್ತಾರೆ.
ನಮ್ಮ ಕಿವಿಗೆ ಅಟ್ಟಿದಂತೆ ಕೇಳುವ ಮಾತು,
ಅವರ ಬಾಯಲ್ಲಿ: ಒಳಗೆ ಬರಲೇ?
ತಾಟು ನೇತುಹಾಕಿದ ಮನೆಯ ಮುಂದೆ
ಎಂಥ ಸಭ್ಯರಿಗೂ ಅದು ಮರೆತುಹೋಗುತ್ತದೆ.

ಹಣ ಕಳಿಸಿದ್ದು ಯಾರೋ.
ಅಬರ್ಡೀನಿನ ಮೀನು ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ
ಬಸ್ಸು ಕಾಯುತ್ತ, ಮರಗಟ್ಟಿದ ಹೆಬ್ಬೆರಳಿನಿಂದ
ತಿಂಗಳಿಗೆ ಹನ್ನೆರಡು ಪೌಂಡು ಎಂದು ಒತ್ತಿದ
ಮೊರಾಗ್ ಎಂಬವಳಿರಬಹುದು.
ಯಾರ ಜೇಬಿಗೆ ಹೋಗುತ್ತದೋ ಎಂದು ಪಕ್ಕದವಳು ಅಂದಾಗ
ಉತ್ತರ ತಿಳಿಯದೆಯೇ ಒತ್ತಿದ್ದು.
ಹನಿಗೂಡಿದರೆ ಹಳ್ಳ ಅನ್ನುತ್ತೇವೆ.
ಹಳ್ಳ ಯಾರ ಗದ್ದೆಗೆ ತಿರುಗಿತೆಂದು ಹನಿಗೆ ಹೇಳಿದವರುಂಟೇ?
ಹೇಳಲೇಬೇಕೆಂದೂ ಇಲ್ಲವೇನೋ. ನನಗೆ ಖಾತ್ರಿಯಿಲ್ಲ.

"ಕಳಿಸಿದವರ ಮನೆಗೆ ಬಾಗಿಲುಂಟೇ?"
ಎಸ್ನಾತ್ ಕೇಳಿದಳು.
"ಇರಲೇಬೇಕು."
"ಹಾಗಿದ್ದರೆ ಅವರಿಗೆ ತಿಳಿಯುತ್ತದೆ, ಬರೆ."

ಬರೆದ. ಅಕ್ಷರ ಎಷ್ಟು ಕುಗ್ಗಿಸಿದರೂ
ಗೆರೆ ದಾಟಿ ಅಂಚಿಗೆ ಚಾಚಿತು ಬಾಗಿಲು.
ಉಳಿದ ದುಡ್ಡಿಗೆ ಆರು ತಗಡು, ಎರಡು ಮೂಟೆ ಕಾಳು.
ಅವಕ್ಕೂ ಗುರುತು ಹಾಕಿದ.

ಹೊರಡುವಾಗ ಅವಳೆಂದಳು, "ತಡಿ,
ನೀನು ಬಂದಾಗ ತೆರೆದೇ ಇತ್ತು, ನೋಡಲಿಲ್ಲ ನೀನು."
ಅವನನ್ನು ಬಿಸಿಲಿಗೆ ಕಳಿಸಿ ಮುಚ್ಚಿದಳು.

ಮಾವಿನ ಹಲಗೆಯಲ್ಲಿ ಒಂದು ಗಂಟು, ಕಣ್ಣಿನ ಹಾಗೆ.
ಸರ್ಕಾರಿ ಅಂಗಿಯ ಗುಂಡಿ ಸರಿಮಾಡಿಕೊಂಡು
ಲಿಂಬಾನಿ ಮೆಲ್ಲಗೆ ಕರೆದ, ಓಡಿ.

ಒಳಗೆ ಕಡಲೆ ಸಿಪ್ಪೆ ಒಡೆಯುವ ಸದ್ದು.
ಅವಳಿಗೇನೂ ಅವಸರವಿರಲಿಲ್ಲ.
ಬಹಳ ಹೊತ್ತಿನ ಮೇಲೆ
ಚಿಲಕ.