ಎಡಮೂಲೆಯ ಕುರ್ಚಿ

ನನ್ನ ಕೆಲಸ ಅಳಿಸುವುದು.
ಗೋಥೆನ್‌ಬರ್ಗಿನ ನವೆಂಬರ್, ಮೂರೂವರೆಗೇ ಕತ್ತಲೆ.
ದೀಪ ಹಾಕಿ, ಕಾಫಿ ಕಾಸಿಕೊಂಡು, ಪರದೆಯ ಮುಂದೆ ಕೂತೆ:
ವಾರಪತ್ರಿಕೆಯ ವಿಶೇಷಾಂಕಕ್ಕೆ ನಲವತ್ತೆರಡು ಚಿತ್ರ,
ಸಂಚಿಕೆಯ ಹೆಸರು ‘ಉಸಿರು’.

ಹಿಂದೊಮ್ಮೆ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದ ಗೋದಾಮು
ಈಗ ಯೋಗದ ಸ್ಟುಡಿಯೋ.
ಇಟ್ಟಿಗೆ ಗೋಡೆಯನ್ನು ಬೇಕೆಂದೇ ಬೆತ್ತಲೆ ಬಿಟ್ಟಿದ್ದಾರೆ.
ಬಾಗಿಲ ಬಳಿ ಹಿತ್ತಾಳೆಯ ಗಣಪ,
ಸೊಂಡಿಲಿಗೆ ಯಾರೋ ಉಣ್ಣೆಯ ಟೋಪಿ ನೇತುಹಾಕಿದ್ದಾರೆ.
ಮಳೆ ಬಂದ ದಿನ ನೆಲದ ಹಲಗೆಗಳ ಸಂದಿಯಿಂದ
ಹಳೆಯ ಮೀನಿನ ವಾಸನೆ ಏಳುತ್ತದಂತೆ.
ಫೋಟೋಕ್ಕೆ ಮೂಗಿಲ್ಲ, ಪುಣ್ಯ.

ಸಂಪಾದಕಿ ಅನ್ನೆಲಿ ಪಟ್ಟಿ ಕಳಿಸಿದ್ದಳು.
ಕಂಕುಳ ಬೆವರು ತೆಗೆ.
ನೀಲಿ ಚಾಪೆಯವಳ ಹೊಟ್ಟೆಯ ಮಡಿಕೆ ತೆಗೆ.
ಹಿಂದಿನ ಸಾಲಿನಲ್ಲಿ ಆಕಳಿಸುವ ಬಾಯಿ ಮುಚ್ಚಿಸು.
ಬೆಳಕು ಜೇನಿನ ಬಣ್ಣಕ್ಕೆ ಬರಲಿ.
ಎಡಮೂಲೆಯ ಮುದುಕ, ಕುರ್ಚಿ ಸಮೇತ, ಬೇಡ.

ಹೇಳಿದಂತೆ ಕೇಳುವವಳು ನಾನು.
ಬೆವರು ಒರೆಸಿದೆ, ಟವೆಲ್ ಇಲ್ಲದೆ.
ಮಡಿಕೆಗೆ ಇಸ್ತ್ರಿ ಹೊಡೆದೆ.
ಪದ್ಮಾಸನ ಹಾಕಿ ಕೂತ ನೀಲಿ ಚಾಪೆಯವಳಿಗೆ
ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು
ಕ್ಯಾಮೆರಾ ಎಲ್ಲಿದೆಯೆಂದು ಹುಡುಕುತ್ತಿತ್ತು;
ಮುಚ್ಚಿದ ರೆಪ್ಪೆಯನ್ನೇ ನಕಲು ಮಾಡಿ
ತೆರೆದದ್ದರ ಮೇಲೆ ಅಂಟಿಸಿದೆ.
ಹೀಗೆ ಧ್ಯಾನ ಪೂರ್ತಿಯಾಯಿತು.

ಆಮೇಲೆ ಮುದುಕ.
ಹಿಗ್ಗಿಸಿ ನೋಡಿದೆ. ಅಳಿಸುವ ಮುನ್ನ ನೋಡಲೇಬೇಕು,
ಅಂಚು ತಿಳಿಯಬೇಕಲ್ಲ;
ಗಲ್ಲಿಗೇರಿಸುವವನೂ ಕೊರಳ ಅಳತೆ ತೆಗೆದುಕೊಳ್ಳುತ್ತಾನೆ.
ಬೂದು ಕಾಲುಚೀಲ, ಹಿಮ್ಮಡಿಯಲ್ಲಿ ಹಸಿರು ನೂಲಿನ ಹೊಲಿಗೆ,
ಹೊಲಿಯಲು ಬಾರದವನ ಹೊಲಿಗೆ.
ಟ್ರಾಮ್ ಚಾಲಕರ ಹಳೆಯ ಸ್ವೆಟರ್, ಎದೆಯ ಲಾಂಛನ ಮಾಸಿದೆ.
ತೊಡೆಯ ಮೇಲೆ ಎರಡು ಕೈ,
ಮುದ್ರೆಯಲ್ಲ, ಏನೂ ಅಲ್ಲ,
ಊಟ ಮುಗಿದ ಮೇಲೆ ತೊಳೆದು ಬೋರಲು ಹಾಕಿದ
ಪಾತ್ರೆಗಳ ಹಾಗೆ.

ನಲವತ್ತೆರಡರಲ್ಲಿ ಮೂವತ್ತಾರರಲ್ಲಿ ಅವನಿದ್ದಾನೆ.
ಸುತ್ತ ಜನ ಬಾಗುತ್ತಾರೆ, ಏಳುತ್ತಾರೆ, ಕೂದಲು ಸರಿಮಾಡಿಕೊಳ್ಳುತ್ತಾರೆ,
ದೀಪ ಹಿಡಿದವನು ತಂತಿ ಎಡವಿ ಮುಗ್ಗರಿಸುತ್ತಾನೆ.
ಇವನು ಮಾತ್ರ ಒಂದೇ ಫೋಟೋ.
ಅಲ್ಲ, ತಪ್ಪು ಹೇಳಿದೆ.
ಎದೆ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ.
ಹನ್ನೊಂದನೆಯ ಚಿತ್ರದಿಂದ ಹನ್ನೆರಡಕ್ಕೆ, ಮತ್ತೆ ಹನ್ನೊಂದಕ್ಕೆ
ಗುಂಡಿ ಒತ್ತುತ್ತ ಅವನನ್ನು ಉಸಿರಾಡಿಸಿದೆ.
ನನ್ನ ಉಸಿರು ಅವನದರ ಜೊತೆ ಬಿದ್ದದ್ದು ಯಾವಾಗಲೋ.
ಕಾಫಿ ಆರಿಹೋಗಿತ್ತು.

ಆದರೂ ಅಳಿಸಿದೆ.
ಬಾಡಿಗೆ ಕಟ್ಟುವ ದಿನ ಯಾರ ಧ್ಯಾನಕ್ಕೂ ಕಾಯುವುದಿಲ್ಲ.
ಪಕ್ಕದ ಗೋಡೆಯಿಂದ ಇಟ್ಟಿಗೆ ತಂದು ಎದೆಗೆ ಮೆತ್ತಿದೆ,
ನೆಲದ ಹಲಗೆ ತಂದು ಕಾಲುಚೀಲ ಮುಚ್ಚಿದೆ.
ಉಳಿದದ್ದು ನೆರಳು,
ಜೇನುಬಣ್ಣದ ಬೆಳಕಿನಲ್ಲಿ ಯಾರದೂ ಅಲ್ಲದ ನೆರಳು.
ಯಾರಾದರೂ ಕೇಳಿದರೆ ಮರೆತೆ ಅನ್ನಬೇಕೆಂದಿದ್ದೆ.
ಯಾರೂ ಕೇಳಲಿಲ್ಲ.

ಸಂಚಿಕೆ ಬಂದ ಗುರುವಾರ ಅದನ್ನು ಕಂಕುಳಲ್ಲಿ ಅವಚಿಕೊಂಡು
ಗೋದಾಮಿಗೆ ಹೋದೆ. ಏಕೆಂದು ನನಗೂ ಗೊತ್ತಿರಲಿಲ್ಲ.
ನೀಲಿ ಚಾಪೆಯವಳೂ ಇದ್ದಳು,
ಮಡಿಕೆ ಸಮೇತ, ಬೆವರಿ, ಎರಡೂ ಕಣ್ಣು ಮುಚ್ಚಿ;
ಕ್ಯಾಮೆರಾ ಇಲ್ಲದ ದಿನ ಅವಳೂ ಎಲ್ಲಿಗೋ ಹೋಗುತ್ತಿದ್ದಳು.
ಮುದುಕನ ಹೆಸರು ಹೆಲ್ಗೆ.
ಕನ್ನಡಕ ಏರಿಸಿ ಪುಟದ ಎಡಮೂಲೆ ಹುಡುಕಿದ,
ತಾನು ಇಲ್ಲದ್ದನ್ನು ತುಂಬ ಹೊತ್ತು ನೋಡಿದ.
ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಂದ:
‘ಇಪ್ಪತ್ತು ವರ್ಷದಿಂದ ಇದನ್ನೇ ಮಾಡಲು ಒದ್ದಾಡುತ್ತಿದ್ದೇನೆ.
ನಿನಗೆ ಎಷ್ಟು ಹೊತ್ತು ಹಿಡಿಯಿತು?’
ಆಮೇಲೆ ನೆರಳಿನ ಮೇಲೆ ಬೆರಳಿಟ್ಟು, ನಗುತ್ತ,
‘ಇದೊಂದು ಉಳಿದಿದೆ ನೋಡು.’

ಹೊರಗೆ ಮಳೆ ಹಿಡಿದಿತ್ತು.
ಗೋಡೆಗೊರಗಿಸಿದ ಇನ್ನೊಂದು ಕುರ್ಚಿ ಎಳೆದುಕೊಂಡೆ.
ಹಲಗೆಗಳ ಸಂದಿಯಿಂದ ಮೀನಿನ ವಾಸನೆ,
ನಿಜಕ್ಕೂ.