ಎಲ್ಲಾ ಮೊದಲು

ದುರ್ಗದ ಗುಡ್ಡದ ಗಾಳಿಯಂತ್ರ ನೋಡಿಕೊಳ್ಳಲು
ಫ್ರಾನ್ಸಿನಿಂದ ಬಂದು ನಮ್ಮ ಮಹಡಿ ಹಿಡಿದವರು.
ಅವಳ ಹೆಸರು ಒದೀಲ್.
"ಓದಿಲ್ಲವಾ? ಡಾಕ್ಟರೇಟ್ ಆಗಿದೆ ಅಂದ್ರಿ!" ಅತ್ತೆಗೆ ಗೊಂದಲ.

ಅವರಲ್ಲಿ ಊಟ ಸರತಿಯಲ್ಲಿ ಬರುತ್ತದಂತೆ,
ಒಂದು ಮುಗಿದ ಮೇಲೆ ಇನ್ನೊಂದು,
ತಟ್ಟೆ ಬದಲಾಗುತ್ತ.
ಹಾಗೇ ಬಡಿಸೋಣ ಎಂದೆ ನಾನು, ಜಾಣೆ.

ಮೊದಲು ಕೋಸಂಬರಿ. ತಿಂದರು.
ಕಾದರು.
ಆಮೇಲೆ ಶೇಂಗಾ ಚಟ್ನಿಪುಡಿ,
ಬರೀ ಪುಡಿ, ಚಮಚದ ಜೊತೆ.
ಥಿಬೊ ಅದನ್ನೂ ಶ್ರದ್ಧೆಯಿಂದ ಬಾಯಿಗಿಟ್ಟ;
ಕಿವಿ ಜೋಗಿಮಟ್ಟಿಯ ಸಂಜೆಯಷ್ಟು ಕೆಂಪು.
ಎಣ್ಣೆಗಾಯಿ ಒಂಟಿಯಾಗಿ ಬಂತು.
ರೊಟ್ಟಿ ಒಂಟಿಯಾಗಿ ಬಂತು,
ಮುರಿಯುವ ಸದ್ದಷ್ಟೇ ಮನೆಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ:
"ಹುಚ್ಚಿ, ಬಂದವರನ್ನ ಹಿಂಗೆ ಉಪವಾಸ ಕೆಡವ್ತಾರೇನೇ?"

ಎರಡು ಅಗಲ ಗಂಗಾಳ.
ತುದಿಗೆ ಉಪ್ಪು, ಮಗ್ಗುಲಿಗೆ ಗುರೆಳ್ಳು,
ಕಾಳುಪಲ್ಯ ಎಣ್ಣೆಗಾಯಿಗೆ ತಗುಲಿ,
ಅದರ ಎಣ್ಣೆ ಅನ್ನಕ್ಕೆ ಹರಿದು,
ಹೋಳಿಗೆಯ ಅಂಚು ಕಟ್ಟಿನ ಸಾರಿನಲ್ಲಿ ನೆನೆದು.
ಯಾವುದು ಮೊದಲು? ಒದೀಲ್ ಕಣ್ಣಲ್ಲೇ ಕೇಳಿದಳು.
ಅತ್ತೆ ರೊಟ್ಟಿ ಮುರಿದು, ಬೆಣ್ಣೆ ಸವರಿ, ಪುಡಿ ಅದ್ದಿ,
ಪಲ್ಯ ಬಾಚಿ ಅವಳ ಕೈಗಿಟ್ಟರು.
"ಎಲ್ಲಾ ಮೊದಲು."

ರಾತ್ರಿ ಹೋಳಿಗೆ ಕಟ್ಟಿಕೊಟ್ಟ ಡಬ್ಬಿ
ಮೂರು ದಿನವಾದರೂ ಕೆಳಗಿಳಿದಿಲ್ಲ.
ಬರಿದೇ ಕೊಡಬಾರದೆಂದು ಯಾರೋ ಹೇಳಿರಬೇಕು,
ಮೇಲಿಂದ ಈರುಳ್ಳಿ ಬೆಣ್ಣೆಯಲ್ಲಿ ಬಾಡುವ ವಾಸನೆ.
ಅತ್ತೆ ಮೆಟ್ಟಿಲ ಕಡೆಗೇ ಕಿವಿಯಿಟ್ಟು
ಮೆಲ್ಲಗೆ ಕೇಳುತ್ತಾರೆ:
"ಅವರದ್ದು ಒಂದೊಂದೇ ಬರುತ್ತೋ, ಹೆಂಗೆ?"